ಗುರುತ್ವ ಸೆಳೆಯುತ್ತದೆ, ಕಾಂತಕ್ಷೇತ್ರ ತೀರ್ಮಾನಿಸುತ್ತದೆ

2019ರ ಏಪ್ರಿಲ್ 10ರಂದು ಬಿಡುಗಡೆಯಾದ ಕಪ್ಪುಕುಳಿಯ ಚಿತ್ರವನ್ನು ನೋಡದ ಓದುಗರು ಕಡಿಮೆ. ನಡುವೆ ಕತ್ತಲು, ಸುತ್ತ ಕಿತ್ತಳೆ ಬಣ್ಣದ ಮಸುಕು ಉಂಗುರ. ಅದು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಎಂ87 ಎಂಬ ಗೆಲಾಕ್ಸಿಯ ನಡುವೆ ಇರುವ, 650 ಕೋಟಿ ಸೂರ್ಯರಷ್ಟು ದ್ರವ್ಯರಾಶಿಯ ಕಪ್ಪುಕುಳಿ. ಎರಡು ವರ್ಷಗಳ ನಂತರ, 2021ರ ಮಾರ್ಚ್ 24ರಂದು, ಈವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡ ಅದೇ ಕುಳಿಯ ಇನ್ನೊಂದು ಚಿತ್ರವನ್ನು ಪ್ರಕಟಿಸಿತು. ಅದೇ ಉಂಗುರ, ಆದರೆ ಅದರ ಮೇಲೆ ಸುರುಳಿಯಾಗಿ ಸಾಗುವ ಸಣ್ಣ ಗೆರೆಗಳು. ಉಂಗುರದಿಂದ ಬರುವ ಬೆಳಕು ಯಾವ ದಿಕ್ಕಿನಲ್ಲಿ ಕಂಪಿಸುತ್ತಿದೆ ಎಂಬುದನ್ನು ಆ ಗೆರೆಗಳು ತೋರಿಸುತ್ತವೆ. ಆ ಮೂಲಕ ಅಲ್ಲಿನ ಕಾಂತಕ್ಷೇತ್ರದ ವಿನ್ಯಾಸವನ್ನೂ ಹೇಳುತ್ತವೆ. ಮೊದಲ ಚಿತ್ರಕ್ಕೆ ಸಿಕ್ಕ ಗಮನದ ಸಣ್ಣ ಪಾಲೂ ಈ ಎರಡನೆಯದಕ್ಕೆ ಸಿಗಲಿಲ್ಲ. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ತೂಕದ್ದು. ಕಪ್ಪುಕುಳಿ ಅಲ್ಲಿದೆ ಎಂದು ಮೊದಲನೆಯದು ತೋರಿಸಿತು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಎರಡನೆಯದು ತೋರಿಸತೊಡಗಿತು.

ಕಪ್ಪುಕುಳಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಗುರುತ್ವ ಒಂದೇ. ಹತ್ತಿರ ಬಂದುದನ್ನೆಲ್ಲ ನುಂಗುವ, ಏನನ್ನೂ ಹಿಂದಿರುಗಿಸದ ಕುಳಿ. ಶಾಲೆಯ ಪಾಠ, ಪತ್ರಿಕೆಯ ಬರಹ, ಸಿನಿಮಾ ಎಲ್ಲವೂ ಹೇಳುವುದು ಈ ಕಥೆಯನ್ನೇ. ಇದು ಪೂರ್ತಿ ಸುಳ್ಳಲ್ಲ, ಆದರೆ ಇದರಲ್ಲಿ ಅರ್ಧ ಕಥೆ ಮಾತ್ರ ಇದೆ. ಕಪ್ಪುಕುಳಿಗೆ ಅನಿಲ ಬೀಳಬೇಕಾದರೆ ಕಾಂತಕ್ಷೇತ್ರ ಬೇಕು. ಬೀಳುವ ಅನಿಲವನ್ನು ಬಾಗಿಲಲ್ಲೇ ತಡೆಯುವ ಶಕ್ತಿಯೂ ಕಾಂತಕ್ಷೇತ್ರಕ್ಕಿದೆ. ತಿರುಗುವ ಕಪ್ಪುಕುಳಿಯಿಂದ ಶಕ್ತಿಯನ್ನು ಹೊರತೆಗೆದು ಸಾವಿರಾರು ಜ್ಯೋತಿರ್ವರ್ಷ ದೂರಕ್ಕೆ ಕಳಿಸುವುದೂ ಬಹುಮಟ್ಟಿಗೆ ಅದರ ಕೆಲಸವೇ ಎಂದು ನಂಬಲು ಬಲವಾದ ಕಾರಣಗಳಿವೆ. ಶಕ್ತಿಯ ಮೂಲ ಗುರುತ್ವ ಮತ್ತು ತಿರುಗುವಿಕೆ. ಆ ಶಕ್ತಿ ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ, ಯಾವ ರೂಪದಲ್ಲಿ ಹೊರಬರಬೇಕು ಎಂಬುದನ್ನು ತೀರ್ಮಾನಿಸುವುದು ಕಾಂತಕ್ಷೇತ್ರ. ಇದು ನನ್ನ ವಾದ. ಇದರ ಯಾವ ಭಾಗ ಗಟ್ಟಿ, ಯಾವ ಭಾಗ ಇನ್ನೂ ಪರೀಕ್ಷೆಯಲ್ಲಿದೆ ಎಂಬುದನ್ನೂ ಒಟ್ಟಿಗೇ ಹೇಳಬೇಕು.

ಮೊದಲು ಬೀಳುವಿಕೆಯ ಪ್ರಶ್ನೆ. ನಾಳೆ ಸೂರ್ಯನ ಜಾಗದಲ್ಲಿ ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿ ಬಂದು ಕೂತರೆ ಭೂಮಿ ಅದರೊಳಗೆ ಬೀಳುವುದಿಲ್ಲ. ಈಗ ಹೇಗೆ ಸುತ್ತುತ್ತಿದೆಯೋ ಹಾಗೆಯೇ ಸುತ್ತುತ್ತಿರುತ್ತದೆ. ಸುತ್ತುವ ವಸ್ತುವಿಗೆ ಕೋನೀಯ ಸಂವೇಗ ಇರುತ್ತದೆ, ಅದನ್ನು ಯಾರಿಗಾದರೂ ಬಿಟ್ಟುಕೊಡದೆ ಒಳಕ್ಕೆ ಸರಿಯಲು ಅದಕ್ಕೆ ಸಾಧ್ಯವಿಲ್ಲ. ಕಪ್ಪುಕುಳಿಯ ಕಡೆಗೆ ಹರಿದುಬರುವ ಅನಿಲಕ್ಕೂ ಇದೇ ನಿಯಮ. ಎಲ್ಲಿಂದಲೋ ಬರುವ ಅನಿಲಕ್ಕೆ ಸ್ವಲ್ಪವಾದರೂ ಅಡ್ಡ ಚಲನೆ ಇದ್ದೇ ಇರುತ್ತದೆ. ಹಾಗಾಗಿ ಅದು ನೇರವಾಗಿ ಕುಳಿಗೆ ಬೀಳದೆ ಸುತ್ತಲೂ ತಟ್ಟೆಯಾಗಿ ಹರಡಿ ಸುತ್ತತೊಡಗುತ್ತದೆ. ಇದಕ್ಕೆ ಸಂಚಯನ ತಟ್ಟೆ ಎಂದು ಹೆಸರು. ಗುರುತ್ವ ಎಷ್ಟೇ ಬಲವಾಗಿದ್ದರೂ ಈ ತಟ್ಟೆಯ ಅನಿಲವನ್ನು ತಾನೊಂದೇ ಒಳಕ್ಕೆ ಎಳೆದುಕೊಳ್ಳಲಾರದು.

ಆದರೂ ಅನಿಲ ಬೀಳುತ್ತಿದೆ ಎಂಬುದಕ್ಕೆ ಆಕಾಶವೇ ಸಾಕ್ಷಿ. 1963ರಲ್ಲಿ ಮಾರ್ಟಿನ್ ಸ್ಮಿಟ್ 3ಸಿ 273 ಎಂಬ, ನಕ್ಷತ್ರದಂತೆ ಕಾಣುವ ಬಿಂದುವಿನ ರೋಹಿತವನ್ನು ಬಿಡಿಸಿ ನೋಡಿ, ಅದು 200 ಕೋಟಿ ಜ್ಯೋತಿರ್ವರ್ಷಕ್ಕೂ ದೂರದಲ್ಲಿದೆ ಎಂದು ಕಂಡುಕೊಂಡರು. ಅಷ್ಟು ದೂರದಿಂದಲೂ ಸಣ್ಣ ದೂರದರ್ಶಕಕ್ಕೆ ಕಾಣಬೇಕಾದರೆ ಅದು ಇಡೀ ಗೆಲಾಕ್ಸಿಗಳನ್ನು ಮೀರಿ ಬೆಳಗುತ್ತಿರಬೇಕು. 1969ರಲ್ಲಿ ಡೊನಾಲ್ಡ್ ಲಿಂಡೆನ್-ಬೆಲ್ ಇಂಥ ಬೆಳಕಿನ ಮೂಲ ದೈತ್ಯ ಕಪ್ಪುಕುಳಿಗಳ ಸುತ್ತಲಿನ ತಟ್ಟೆಗಳೇ ಎಂದು ವಾದಿಸಿದರು. ಲೆಕ್ಕ ಅವರ ಪರವಾಗಿತ್ತು. ಸೂರ್ಯನ ಒಡಲಲ್ಲಿ ಹೈಡ್ರೊಜನ್ ಹೀಲಿಯಂ ಆಗುವಾಗ ದ್ರವ್ಯರಾಶಿಯ ಶೇಕಡಾ 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ತಿರುಗದ ಕಪ್ಪುಕುಳಿಯ ಸುತ್ತ ಸುತ್ತುತ್ತ ಒಳಸರಿಯುವ ಅನಿಲ ಶೇಕಡಾ 5.7ರಷ್ಟನ್ನು ಬಿಡುಗಡೆ ಮಾಡಬಲ್ಲದು. ಗರಿಷ್ಠ ವೇಗದಲ್ಲಿ ತಿರುಗುವ ಕುಳಿಯಾದರೆ ಈ ಪಾಲು ಶೇಕಡಾ 42ರವರೆಗೂ ಏರುತ್ತದೆ. ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ: ಅನಿಲ ತನ್ನ ಕೋನೀಯ ಸಂವೇಗವನ್ನು ಹೊರಕ್ಕೆ ದಾಟಿಸುತ್ತಲೇ ಇರಬೇಕು.

ದಾಟಿಸುವುದು ಯಾವುದು? ಪದರಗಳ ನಡುವಿನ ಉಜ್ಜಾಟ ಎಂಬುದು ಮೊದಲು ಹೊಳೆಯುವ ಉತ್ತರ. ಒಳಪದರ ಬೇಗ ಸುತ್ತುತ್ತದೆ, ಹೊರಪದರ ನಿಧಾನ. ಎರಡೂ ಉಜ್ಜಿಕೊಂಡರೆ ಸಂವೇಗ ಹೊರಕ್ಕೆ ಹೋಗುತ್ತದೆ. ಆದರೆ ತಟ್ಟೆಯ ಅನಿಲದ ಸಹಜ ಸ್ನಿಗ್ಧತೆ ಎಷ್ಟು ಅಲ್ಪವೆಂದರೆ, ಅದನ್ನೇ ನಂಬಿದರೆ ಅನಿಲ ಕುಳಿಯನ್ನು ಮುಟ್ಟಲು ವಿಶ್ವದ ವಯಸ್ಸೂ ಸಾಲದು. 1973ರಲ್ಲಿ ನಿಕೊಲಾಯ್ ಶಕೂರ ಮತ್ತು ರಶೀದ್ ಸುನ್ಯಾಯೆವ್ ಈ ಗೋಡೆಯನ್ನು ದಾಟಲು ಒಂದು ದಾರಿ ಮಾಡಿಕೊಂಡರು. ಪ್ರಕ್ಷುಬ್ಧ ಹರಿವೋ ಕಾಂತಕ್ಷೇತ್ರವೋ ಈ ಕೆಲಸ ಮಾಡುತ್ತಿರಬಹುದು, ಅದರ ಬಲವನ್ನು ಸದ್ಯಕ್ಕೆ ಆಲ್ಫಾ ಎಂಬ ಒಂದು ಸಂಖ್ಯೆಯಲ್ಲಿ ಹಿಡಿದಿಡೋಣ ಎಂದರು. ಅದೊಂದು ಪ್ರಾಮಾಣಿಕ ಏರ್ಪಾಡು, ಮತ್ತು ಅಪಾರ ಫಲ ಕೊಟ್ಟ ಏರ್ಪಾಡು. ತಟ್ಟೆಯ ಹೊಳಪು, ಉಷ್ಣತೆ, ರೋಹಿತ ಎಲ್ಲವನ್ನೂ ಅದರಿಂದ ಲೆಕ್ಕ ಹಾಕಲಾಯಿತು. ಆದರೆ ಆಲ್ಫಾ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕೆ ಉತ್ತರ ಸಿಗಲು ಹದಿನೆಂಟು ವರ್ಷ ಬೇಕಾಯಿತು.

1991ರಲ್ಲಿ ಸ್ಟೀವನ್ ಬಾಲ್ಬಸ್ ಮತ್ತು ಜಾನ್ ಹಾಲಿ ಆ ಉತ್ತರ ಕೊಟ್ಟರು. ತಟ್ಟೆಯ ಅನಿಲ ಬಿಸಿಯೇರಿ ಪ್ಲಾಸ್ಮಾ ಆಗಿರುತ್ತದೆ. ವಿದ್ಯುದಾವೇಶವಿರುವ ಕಣಗಳ ಇಂಥ ಹರಿವಿನಲ್ಲಿ ಕಾಂತರೇಖೆಗಳು ಅನಿಲದ ಜೊತೆಗೇ ಸಾಗುತ್ತವೆ, ಅನಿಲ ಎಳೆದರೆ ತಾವೂ ಹಿಗ್ಗುತ್ತವೆ. ಈಗ ಒಂದೇ ಕಾಂತರೇಖೆಯ ಮೇಲಿರುವ ಎರಡು ಅನಿಲದ ತುಣುಕುಗಳನ್ನು, ರಬ್ಬರ್ ದಾರದಿಂದ ಕಟ್ಟಿದ ಎರಡು ಉಂಡೆಗಳೆಂದು ಭಾವಿಸೋಣ. ಒಂದು ಸ್ವಲ್ಪ ಒಳಗಿದೆ, ಇನ್ನೊಂದು ಸ್ವಲ್ಪ ಹೊರಗಿದೆ. ಒಳಗಿನದು ಬೇಗ ಸುತ್ತಿ ಮುಂದೆ ಹೋಗುತ್ತದೆ, ದಾರ ಬಿಗಿಯುತ್ತದೆ. ಬಿಗಿದ ದಾರ ಒಳಗಿನ ಉಂಡೆಯನ್ನು ಹಿಂದಕ್ಕೆ ಎಳೆದು ಹೊರಗಿನದನ್ನು ಮುಂದಕ್ಕೆ ಎಳೆಯುತ್ತದೆ. ಹಿಂದಕ್ಕೆ ಎಳೆಸಿಕೊಂಡದ್ದು ಸಂವೇಗ ಕಳೆದುಕೊಂಡು ಇನ್ನಷ್ಟು ಒಳಕ್ಕೆ ಜಾರುತ್ತದೆ. ಒಳಕ್ಕೆ ಜಾರಿದ ಮೇಲೆ ಇನ್ನೂ ಬೇಗ ಸುತ್ತುತ್ತದೆ. ಹೊರಗಿನದು ಸಂವೇಗ ಪಡೆದು ಇನ್ನಷ್ಟು ಹೊರಕ್ಕೆ ಸರಿಯುತ್ತದೆ. ಅಂತರ ಬೆಳೆದಷ್ಟೂ ಎಳೆತ ಬೆಳೆಯುತ್ತದೆ, ಎಳೆತ ಬೆಳೆದಷ್ಟೂ ಅಂತರ. ಕೆಲವೇ ಸುತ್ತುಗಳಲ್ಲಿ ಇಡೀ ತಟ್ಟೆ ಕಲಕಿಹೋಗಿ, ಸಂವೇಗ ಹೊರಕ್ಕೂ ಅನಿಲ ಒಳಕ್ಕೂ ಹರಿಯತೊಡಗುತ್ತವೆ.

ಇದರಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಅಂಶ, ಇದಕ್ಕೆ ಪ್ರಬಲ ಕಾಂತಕ್ಷೇತ್ರ ಬೇಕಿಲ್ಲ ಎಂಬುದು. ಅತಿ ಕ್ಷೀಣ ಕ್ಷೇತ್ರವೂ ಸಾಕು. ಮುಂದಿನದನ್ನು ತಟ್ಟೆಯ ತಿರುಗುವಿಕೆಯೇ ಬೆಳೆಸಿಕೊಳ್ಳುತ್ತದೆ. ಕ್ಷೇತ್ರ ಶೂನ್ಯವಾಗಿದ್ದರೆ ತಟ್ಟೆ ಶಾಂತವಾಗಿ ಸುತ್ತುತ್ತಲೇ ಇರುತ್ತದೆ, ಚೂರು ಇದ್ದರೂ ಅದರ ಸ್ಥಿರತೆ ಮುರಿಯುತ್ತದೆ. ಚಿಕ್ಕದೆಂದು ಬದಿಗಿಟ್ಟ ಅಂಶವೇ ಇಡೀ ವ್ಯವಸ್ಥೆಯ ಸ್ವಭಾವವನ್ನು ಬದಲಿಸುವುದು ಭೌತವಿಜ್ಞಾನದಲ್ಲಿ ಅಪರೂಪವಲ್ಲ, ಆದರೆ ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ. ಇನ್ನೊಂದು ಸಂಗತಿಯೂ ಗಮನಾರ್ಹ. ಈ ಅಸ್ಥಿರತೆಯ ಗಣಿತವನ್ನು 1959ರಲ್ಲಿ ಸೋವಿಯತ್ ವಿಜ್ಞಾನಿ ಯೆವ್ಗೆನಿ ವೆಲಿಖೋವ್, 1960ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಆಗಲೇ ಬರೆದಿದ್ದರು. ಅವರು ನೋಡುತ್ತಿದ್ದುದು ಎರಡು ಸಿಲಿಂಡರುಗಳ ನಡುವೆ ಸುತ್ತುವ ದ್ರವವನ್ನು. ಆ ಸಮೀಕರಣ ಆಕಾಶದ ತಟ್ಟೆಗಳಿಗೂ ಹೊಂದುತ್ತದೆ, ಅಲ್ಲಿನ ಮುಖ್ಯ ಒಗಟಿಗೆ ಅದೇ ಉತ್ತರ ಎಂದು ತೋರಿಸಲು ಮೂವತ್ತು ವರ್ಷ ಹಿಡಿಯಿತು. ಗುರುತ್ವವೇ ಎಲ್ಲ ಎಂಬ ನಂಬಿಕೆ ಬಲವಾಗಿದ್ದ ಕಡೆ ಕಾಂತಕ್ಷೇತ್ರವನ್ನು ಕೊನೆಯಲ್ಲಿ ಸೇರಿಸುವ ಸಣ್ಣ ತಿದ್ದುಪಡಿ ಎಂದೇ ಕಾಣಲಾಗುತ್ತಿತ್ತು. ಬಾಲ್ಬಸ್ ಮತ್ತು ಹಾಲಿಗೆ 2013ರಲ್ಲಿ ಶಾ ಪ್ರಶಸ್ತಿ ಬಂದಿತು.

ಇನ್ನು ತಟ್ಟೆಯನ್ನು ಬಿಟ್ಟು ಕುಳಿಯ ಅಂಚಿಗೆ ಹೋಗೋಣ. ಕಪ್ಪುಕುಳಿಗೆ ಸ್ವಂತ ಕಾಂತಕ್ಷೇತ್ರ ಇಲ್ಲ. ನ್ಯೂಟ್ರಾನ್ ನಕ್ಷತ್ರ ತನ್ನ ಒಡಲಲ್ಲೇ ಭಾರೀ ಕ್ಷೇತ್ರವನ್ನು ಹೊತ್ತಿರುತ್ತದೆ. ಕಪ್ಪುಕುಳಿಗೆ ಇರುವುದು ದ್ರವ್ಯರಾಶಿ, ತಿರುಗುವಿಕೆ ಮತ್ತು ವಿದ್ಯುದಾವೇಶ ಎಂಬ ಮೂರೇ ಗುಣ, ಅದರಲ್ಲೂ ಆವೇಶ ನಿಜವಾದ ಆಕಾಶದಲ್ಲಿ ಗಣನೆಗೆ ಬಾರದಷ್ಟು ಕಡಿಮೆ. ಹಾಗಾಗಿ ಕುಳಿಯನ್ನು ಹಾದುಹೋಗುವ ಕಾಂತರೇಖೆಗಳೆಲ್ಲ ಹೊರಗಿನಿಂದ ಬಂದವು. ಅನಿಲ ತನ್ನ ಜೊತೆ ಅವನ್ನು ಹೊತ್ತು ತರುತ್ತದೆ, ಸುತ್ತಲಿನ ತಟ್ಟೆಯ ವಿದ್ಯುತ್ ಪ್ರವಾಹಗಳು ಅವನ್ನು ಅಲ್ಲಿ ಹಿಡಿದಿಡುತ್ತವೆ. ತಟ್ಟೆಯನ್ನು ತೆಗೆದುಬಿಟ್ಟರೆ ಕ್ಷೇತ್ರವೂ ಉಳಿಯುವುದಿಲ್ಲ. ಅನಿಲ ಮಾತ್ರ ದಿಗಂತದೊಳಕ್ಕೆ, ಅಂದರೆ ಬೆಳಕೂ ಹಿಂದಿರುಗದ ಗಡಿಯೊಳಕ್ಕೆ, ಕಣ್ಮರೆಯಾಗುತ್ತದೆ, ಕಾಂತರೇಖೆಗಳು ಅಂಚಿನಲ್ಲಿ ಒತ್ತೊತ್ತಾಗಿ ಕೂಡುತ್ತ ಹೋಗುತ್ತವೆ. ಒಂದು ಹಂತದಲ್ಲಿ ಅವುಗಳ ಒತ್ತಡವೇ ಬೀಳುವ ಅನಿಲವನ್ನು ಎದುರಿಸಿ ನಿಲ್ಲುತ್ತದೆ. ಈ ಕಲ್ಪನೆಯನ್ನು ಗೆನ್ನಾಡಿ ಬಿಸ್ನೊವಾತಿ-ಕೊಗನ್ ಮತ್ತು ಅಲೆಕ್ಸಾಂಡರ್ ರುಜ್ಮೈಕಿನ್ 1970ರ ದಶಕದಲ್ಲೇ ಮುಂದಿಟ್ಟಿದ್ದರು. 2003ರಲ್ಲಿ ರಮೇಶ್ ನಾರಾಯಣ್, ಇಗೊರ್ ಇಗುಮೆನ್‌ಶ್ಚೆವ್ ಮತ್ತು ಮಾರೆಕ್ ಅಬ್ರಮೊವಿಚ್ ಅದಕ್ಕೆ ಇಂದಿನ ರೂಪ ಕೊಟ್ಟರು. ಕಾಂತಕ್ಷೇತ್ರ ತಡೆಹಿಡಿದ ಈ ತಟ್ಟೆಯಲ್ಲಿ ಅನಿಲ ಸರಾಗವಾಗಿ ಹರಿಯದೆ, ಕಾಂತರೇಖೆಗಳ ನಡುವೆ ದಾರಿ ಮಾಡಿಕೊಂಡು ಎಳೆಎಳೆಯಾಗಿ ನುಸುಳುತ್ತದೆ. ನಾರಾಯಣ್ ವೃತ್ತಿಯ ಆರಂಭದ ವರ್ಷಗಳನ್ನು ಕಳೆದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

ತಿರುಗುವ ಕುಳಿಯ ವಿಚಾರಕ್ಕೆ ಬಂದರೆ ವಾದ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. 1963ರಲ್ಲಿ ನ್ಯೂಜಿಲೆಂಡಿನ ರಾಯ್ ಕೆರ್, ಐನ್‌ಸ್ಟೈನ್ ಸಮೀಕರಣಗಳಿಗೆ ತಿರುಗುವ ಕಾಯದ ಪರಿಹಾರ ಕೊಟ್ಟರು. ತಿರುಗುವ ಕುಳಿ ತನ್ನ ಸುತ್ತಲಿನ ದೇಶಕಾಲವನ್ನೇ ತನ್ನೊಡನೆ ಎಳೆದು ಸುತ್ತಿಸುತ್ತದೆ. ದಿಗಂತದ ಹೊರಗೆ, ಅದಕ್ಕೆ ಅಂಟಿಕೊಂಡಂತೆ, ಎರ್ಗೋಸ್ಫಿಯರ್ ಎಂಬ ವಲಯವಿದೆ. ಅಲ್ಲಿ ನಿಂತಲ್ಲೇ ನಿಲ್ಲಲು ಬೆಳಕಿಗೂ ಸಾಧ್ಯವಿಲ್ಲ. 1969ರಲ್ಲಿ ರೋಜರ್ ಪೆನ್‌ರೋಸ್ ಈ ವಲಯದಿಂದ ಕುಳಿಯ ತಿರುಗುವಿಕೆಯ ಶಕ್ತಿಯನ್ನು ಹೊರತೆಗೆಯಬಹುದು ಎಂದು ತೋರಿಸಿದರು. ಗರಿಷ್ಠ ವೇಗದಲ್ಲಿ ತಿರುಗುವ ಕುಳಿಯ ಒಟ್ಟು ದ್ರವ್ಯರಾಶಿ-ಶಕ್ತಿಯಲ್ಲಿ ಶೇಕಡಾ 29ರಷ್ಟು ಹೀಗೆ ಹೊರಗೆ ಬರಬಲ್ಲದು. ಏನನ್ನೂ ಹಿಂದಿರುಗಿಸದ ಕುಳಿ ಎಂಬ ಮಾತು ಇಲ್ಲಿಗೇ ತಿದ್ದುಪಡಿ ಬೇಡುತ್ತದೆ. ಆದರೆ ಪೆನ್‌ರೋಸ್ ಹೇಳಿದ ವಿಧಾನದಲ್ಲಿ ಒಂದು ಕಣ ಎರಡಾಗಿ ಒಡೆದು, ತುಣುಕುಗಳು ಬೆಳಕಿನ ವೇಗದ ಅರ್ಧಕ್ಕೂ ಮೀರಿ ಬೇರ್ಪಡಬೇಕು. ನಿಸರ್ಗದಲ್ಲಿ ಇದು ನಡೆಯುವುದು ಕಷ್ಟ.

ಈ ಕಷ್ಟವನ್ನು ಬಿಡಿಸಿದ್ದೂ ಕಾಂತಕ್ಷೇತ್ರವೇ. 1977ರಲ್ಲಿ ರೋಜರ್ ಬ್ಲಾಂಡ್‌ಫರ್ಡ್ ಮತ್ತು ರೋಮನ್ ಜ್ನಾಯೆಕ್ ಹೀಗೆ ತರ್ಕಿಸಿದರು: ತಟ್ಟೆ ಹಿಡಿದಿಟ್ಟ ಕಾಂತರೇಖೆಗಳು ಕುಳಿಯನ್ನು ಹಾದುಹೋಗುತ್ತಿವೆ, ಕುಳಿ ದೇಶಕಾಲವನ್ನು ಸುತ್ತಿಸುತ್ತಿದೆ, ಹಾಗಾದರೆ ಕಾಂತರೇಖೆಗಳೂ ತಿರುಚಿಕೊಳ್ಳಲೇಬೇಕು. ತಿರುಚಿದ ರೇಖೆಗಳು ಧ್ರುವಗಳ ಕಡೆಯಿಂದ ವಿದ್ಯುತ್ಕಾಂತೀಯ ಶಕ್ತಿಯನ್ನು ಹೊರಕ್ಕೆ ಒಯ್ಯುತ್ತವೆ, ಅಷ್ಟೇ ಪ್ರಮಾಣದಲ್ಲಿ ಕುಳಿಯ ತಿರುಗುವಿಕೆ ಕುಗ್ಗುತ್ತದೆ. ಹೊರಬರುವ ಶಕ್ತಿ, ಕುಳಿಯನ್ನು ಹಾದ ಕಾಂತೀಯ ಫ್ಲಕ್ಸ್‌ನ, ಅಂದರೆ ಕಾಂತರೇಖೆಗಳ ಒಟ್ಟು ಪ್ರಮಾಣದ, ವರ್ಗಕ್ಕೂ ತಿರುಗುವ ವೇಗದ ವರ್ಗಕ್ಕೂ ಅನುಗುಣವಾಗಿರುತ್ತದೆ. ಅಂದರೆ ಕುಳಿ ಎಷ್ಟೇ ವೇಗವಾಗಿ ತಿರುಗಲಿ, ಕಾಂತರೇಖೆಗಳು ಇಲ್ಲದಿದ್ದರೆ ಈ ದಾರಿಯಲ್ಲಿ ಬರುವ ಶಕ್ತಿ ಸೊನ್ನೆ. 2011ರಲ್ಲಿ ಅಲೆಕ್ಸಾಂಡರ್ ಚೆಕೊವ್‌ಸ್ಕೊಯ್, ನಾರಾಯಣ್ ಮತ್ತು ಜೊನಾಥನ್ ಮೆಕಿನ್ನಿ ಕಂಪ್ಯೂಟರ್‌ನಲ್ಲಿ ಕಾಂತಕ್ಷೇತ್ರ ತಡೆಹಿಡಿದ ತಟ್ಟೆಯನ್ನು, ವೇಗವಾಗಿ ತಿರುಗುವ ಕುಳಿಯ ಸುತ್ತ ಕಟ್ಟಿ ನೋಡಿದರು. ಒಳಕ್ಕೆ ಬಿದ್ದ ದ್ರವ್ಯದ ಶಕ್ತಿ 100 ಎಂದುಕೊಂಡರೆ ಹೊರಬಂದದ್ದು ಸುಮಾರು 140. ಶಕ್ತಿಯ ನಿತ್ಯತ್ವ ಇಲ್ಲಿ ಮುರಿಯಲಿಲ್ಲ. ಹೆಚ್ಚಿನ 40 ಬರಲು ಕುಳಿಯ ತಿರುಗುವಿಕೆಯಲ್ಲದೆ ಬೇರೆ ಮೂಲ ಇರಲಿಲ್ಲ, ಅಷ್ಟೇ.

ಈ ಚಿಂತನೆಯಲ್ಲಿ ನಮ್ಮವರ ಪಾಲೂ ಇದೆ ಎಂಬುದನ್ನು ಕನ್ನಡದ ಓದುಗರು ತಿಳಿದಿರಬೇಕು. ಕಪ್ಪುಕುಳಿಯನ್ನು ಕದಡಿದರೆ ಅದು ಹೇಗೆ ಕಂಪಿಸಿ ಶಾಂತವಾಗುತ್ತದೆ ಎಂಬುದನ್ನು 1970ರಲ್ಲಿ ತೋರಿಸಿದ ಸಿ. ವಿ. ವಿಶ್ವೇಶ್ವರ ಬೆಂಗಳೂರಿನವರು, ಅಲ್ಲಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು. 1978ರಲ್ಲಿ ಅವರು ಮತ್ತು ಎ. ಆರ್. ಪ್ರಸನ್ನ, ತಿರುಗುವ ಕಪ್ಪುಕುಳಿಯ ಸುತ್ತ ವಿದ್ಯುತ್ಕಾಂತೀಯ ಕ್ಷೇತ್ರವಿದ್ದರೆ ಆವೇಶವಿರುವ ಕಣಗಳು ಯಾವ ಪಥ ಹಿಡಿಯುತ್ತವೆ ಎಂಬ ಲೆಕ್ಕವನ್ನು ಬೆಂಗಳೂರಿನಿಂದ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. 1985ರಲ್ಲಿ ಸಂಜಯ್ ವಾಘ್, ಸಂಜೀವ್ ಧುರಂಧರ್ ಮತ್ತು ನರೇಶ್ ದಾಧಿಚ್, ಕಾಂತಕ್ಷೇತ್ರವಿದ್ದರೆ ಪೆನ್‌ರೋಸ್ ವಿಧಾನಕ್ಕೆ ಅಂಥ ಭಾರೀ ವೇಗದ ಒಡೆತವೇ ಬೇಕಿಲ್ಲ ಎಂದು ತೋರಿಸಿದರು. ಕಪ್ಪುಕುಳಿಯ ಚಿತ್ರ ಯಾರ ಕಣ್ಣಿಗೂ ಬೀಳದಿದ್ದ ಕಾಲದಲ್ಲಿ, ಕಾಗದದ ಮೇಲೆ ನಡೆದ ಈ ಕೆಲಸ ಇಂದಿನ ಚಿತ್ರಗಳನ್ನು ಓದುವ ಭಾಷೆಯ ಒಂದು ಭಾಗ.

ಇಷ್ಟೂ ಸಿದ್ಧಾಂತ. ಆಕಾಶ ಏನು ಹೇಳುತ್ತದೆ? ಎಂ87ರ ನಡುವಿನಿಂದ ಒಂದು ನೇರ ಕಿರಣ ಹೊರಟಿರುವುದನ್ನು 1918ರಲ್ಲೇ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ ಗುರುತಿಸಿದ್ದರು. ಅದು ಸುಮಾರು 5,000 ಜ್ಯೋತಿರ್ವರ್ಷ ಉದ್ದದ, ಬೆಳಕಿನ ವೇಗಕ್ಕೆ ಸಮೀಪದಲ್ಲಿ ಚಿಮ್ಮುವ ಪ್ಲಾಸ್ಮಾ ಧಾರೆ. ಖಗೋಳಜ್ಞರು ಇದನ್ನು ಜೆಟ್ ಎನ್ನುತ್ತಾರೆ. 2017ರಲ್ಲಿ ನಡೆದ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ವೀಕ್ಷಣೆಯಲ್ಲಿ ಸೆರೆಯಾದ 1.3 ಮಿಲಿಮೀಟರ್ ತರಂಗಗಳು, ಕಾಂತರೇಖೆಗಳ ಸುತ್ತ ಸುರುಳಿ ಸುತ್ತುವ ಎಲೆಕ್ಟ್ರಾನುಗಳು ಹೊಮ್ಮಿಸಿದವು. ಇಂಥ ಬೆಳಕು ಧ್ರುವೀಕರಣಗೊಂಡಿರುತ್ತದೆ, ಅಂದರೆ ಒಂದು ದಿಕ್ಕಿನಲ್ಲಿ ಹೆಚ್ಚು ಕಂಪಿಸುತ್ತದೆ, ಆ ದಿಕ್ಕು ಕಾಂತಕ್ಷೇತ್ರದ ದಿಕ್ಕನ್ನು ಅವಲಂಬಿಸಿರುತ್ತದೆ. ಕ್ಷೇತ್ರ ಅಸ್ತವ್ಯಸ್ತವಾಗಿದ್ದರೆ ಚಿತ್ರದಲ್ಲಿ ಯಾವ ವಿನ್ಯಾಸವೂ ಕಾಣುತ್ತಿರಲಿಲ್ಲ. ಕಂಡದ್ದು ಕ್ರಮಬದ್ಧ ಸುರುಳಿ. ಅನಿಲದ ಹರಿವು ಕ್ಷೇತ್ರವನ್ನು ಪೂರ್ತಿಯಾಗಿ ತನ್ನ ಸುತ್ತಿಗೆ ಎಳೆದುಕೊಂಡಿದ್ದರೆ ವಿನ್ಯಾಸ ಬೇರೆಯೇ ಇರಬೇಕಿತ್ತು. ಸಾವಿರಾರು ಕಂಪ್ಯೂಟರ್ ಮಾದರಿಗಳೊಡನೆ ಹೋಲಿಸಿದಾಗ ಹೊಂದಿಕೊಂಡವು ಹೆಚ್ಚಾಗಿ ಕಾಂತಕ್ಷೇತ್ರ ತಡೆಹಿಡಿದ ತಟ್ಟೆಯ ಮಾದರಿಗಳೇ.

ಆ ಕ್ಷೇತ್ರದ ಬಲ 1ರಿಂದ 30 ಗಾಸ್ ಎಂದು ತಂಡ ಅಂದಾಜು ಮಾಡಿತು. ನಮ್ಮ ಭೂಮಿಯ ಕ್ಷೇತ್ರ ಸುಮಾರು ಅರ್ಧ ಗಾಸ್. ಅಂದರೆ 650 ಕೋಟಿ ಸೂರ್ಯರ ತೂಕದ ಕುಳಿಯ ಅಂಚಿನಲ್ಲಿ ಇರುವುದು, ಹೆಚ್ಚೆಂದರೆ, ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಕ್ಷೇತ್ರದ ಅರುವತ್ತು ಪಟ್ಟು. ಇಷ್ಟು ಸಾಧಾರಣ ಬಲ ಅಂಥ ಹರಿವನ್ನು ಹೇಗೆ ತಡೆದೀತು ಎಂದು ಕೇಳುವುದು ನ್ಯಾಯವೇ. ಉತ್ತರ ಅನಿಲದ ವಿರಳತೆಯಲ್ಲಿದೆ. ಅಲ್ಲಿ ಒಂದು ಘನ ಸೆಂಟಿಮೀಟರಿನಲ್ಲಿ ಇರುವ ಎಲೆಕ್ಟ್ರಾನುಗಳು ಹತ್ತು ಸಾವಿರದಿಂದ ಒಂದು ಕೋಟಿ. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿರುವ ಅಣುಗಳು ಕೋಟಿಗಟ್ಟಲೆ ಕೋಟಿ. ಎಂ87ರ ಕುಳಿ ಈಗ ವರ್ಷಕ್ಕೆ ನುಂಗುತ್ತಿರುವುದು ಸೂರ್ಯನ ದ್ರವ್ಯರಾಶಿಯ ಸಾವಿರದಲ್ಲಿ ಒಂದೆರಡು ಪಾಲು ಅಥವಾ ಅದಕ್ಕೂ ಕಡಿಮೆ. ಇಂಥ ತೆಳುವಾದ ಹರಿವಿನ ಮುಂದೆ 30 ಗಾಸ್ ಎಂಬುದು ದೊಡ್ಡ ಬಲವೇ. ಕಾಂತಕ್ಷೇತ್ರದ ಪ್ರಭಾವವನ್ನು ಅದರ ಅಂಕಿಯಿಂದ ಅಳೆಯಬಾರದು, ಎದುರಿಗಿರುವ ಅನಿಲದ ಒತ್ತಡದ ಜೊತೆ ಇಟ್ಟು ಅಳೆಯಬೇಕು.

ಎಂ87 ಒಂಟಿ ಸಾಕ್ಷಿಯಲ್ಲ. 2014ರಲ್ಲಿ 76 ಸಕ್ರಿಯ ಗೆಲಾಕ್ಸಿಗಳ ಜೆಟ್‌ಗಳಲ್ಲಿನ ಕಾಂತೀಯ ಫ್ಲಕ್ಸ್ ಅಳೆದ ಅಧ್ಯಯನ, ಅದು ಕಾಂತಕ್ಷೇತ್ರ ತಡೆಹಿಡಿದ ತಟ್ಟೆಯ ಮಾದರಿ ಊಹಿಸುವ ಮಟ್ಟದಲ್ಲೇ ಇದೆ ಎಂದು ಕಂಡಿತು. 2018ರಲ್ಲಿ ಚಿಲಿಯ ಗ್ರಾವಿಟಿ ಉಪಕರಣ, ನಮ್ಮದೇ ಕ್ಷೀರಪಥದ ನಡುವಿನ ಸ್ಯಾಜಿಟೇರಿಯಸ್ ಎ-ಸ್ಟಾರ್ ಎಂಬ ಕಪ್ಪುಕುಳಿಯ ಅಂಚಿನಲ್ಲಿ ಜ್ವಾಲೆಗಳು ಸುತ್ತುವುದನ್ನು, ಅವುಗಳ ಧ್ರುವೀಕರಣದ ದಿಕ್ಕೂ ಜೊತೆಗೇ ಸುತ್ತುವುದನ್ನು ನೋಡಿತು. 2024ರ ಮಾರ್ಚ್ 27ರಂದು ಪ್ರಕಟವಾದ ಅದೇ ಕುಳಿಯ ಧ್ರುವೀಕೃತ ಚಿತ್ರದಲ್ಲೂ ಕ್ರಮಬದ್ಧ ಸುರುಳಿ ಇತ್ತು. ಎಂ87ರ ಕುಳಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಹಗುರವಾದ, 40 ಲಕ್ಷ ಸೂರ್ಯರ ಕುಳಿಯ ಸುತ್ತಲೂ ಅದೇ ರೀತಿಯ ವಿನ್ಯಾಸ.

ವಾದದ ಎದುರು ನಿಲ್ಲುವ ಆಕ್ಷೇಪಗಳೂ ಗಟ್ಟಿಯಾಗಿವೆ, ಅವನ್ನು ಮರೆಮಾಚಬಾರದು. ಮೊದಲನೆಯದು: ಜೆಟ್‌ನ ಶಕ್ತಿ ಕುಳಿಯ ತಿರುಗುವಿಕೆಯದೇ ಅಥವಾ ತಟ್ಟೆಯದೇ? 1982ರಲ್ಲಿ ಬ್ಲಾಂಡ್‌ಫರ್ಡ್ ಮತ್ತು ಡೇವಿಡ್ ಪೇನ್, ತಟ್ಟೆಯಲ್ಲಿ ಬೇರೂರಿದ ಕಾಂತರೇಖೆಗಳೂ ಅನಿಲವನ್ನು ಹೊರಕ್ಕೆ ಎಸೆಯಬಲ್ಲವು ಎಂದು ತೋರಿಸಿದ್ದರು. ಅದಕ್ಕೆ ಕುಳಿ ತಿರುಗಲೇಬೇಕೆಂದಿಲ್ಲ. ನಕ್ಷತ್ರದಷ್ಟು ದ್ರವ್ಯರಾಶಿಯ ಕಪ್ಪುಕುಳಿಗಳಲ್ಲಿ ಜೆಟ್‌ನ ಬಲಕ್ಕೂ ತಿರುಗುವಿಕೆಗೂ ನಂಟು ಕಾಣುತ್ತಿಲ್ಲ ಎಂದು 2010ರಲ್ಲಿ ರಾಬ್ ಫೆಂಡರ್ ಮತ್ತು ಸಂಗಡಿಗರು ಬರೆದರೆ, 2012ರಲ್ಲಿ ನಾರಾಯಣ್ ಮತ್ತು ಜೆಫ್ರಿ ಮೆಕ್ಲಿಂಟಾಕ್ ನಂಟಿದೆ ಎಂದು ಬರೆದರು. ತಿರುಗುವಿಕೆಯನ್ನು ಅಳೆಯುವುದೇ ಕಷ್ಟವಾದ್ದರಿಂದ ಈ ಜಗಳ ಮುಗಿದಿಲ್ಲ. ಹಾಗಾಗಿ ಬ್ಲಾಂಡ್‌ಫರ್ಡ್-ಜ್ನಾಯೆಕ್ ವಿಧಾನವನ್ನು ಸಾಬೀತಾದ ಸತ್ಯ ಎನ್ನುವುದು ದುಡುಕು. ಲಭ್ಯ ವಿವರಣೆಗಳಲ್ಲಿ ಅತ್ಯಂತ ಸಮರ್ಥವಾದದ್ದು ಎನ್ನುವುದು ನ್ಯಾಯ. ಆದರೆ ಗಮನಿಸಿ: ಎರಡೂ ಪಕ್ಷಗಳು ಜಗಳವಾಡುತ್ತಿರುವುದು ಯಾವ ತಿರುಗುವಿಕೆಯಿಂದ ಶಕ್ತಿ ಬರುತ್ತಿದೆ ಎಂಬ ಬಗ್ಗೆ. ಅದನ್ನು ಹೊರಕ್ಕೆ ಒಯ್ಯುವುದು ಕಾಂತಕ್ಷೇತ್ರ ಎಂಬುದರಲ್ಲಿ ಇಬ್ಬರೂ ಒಂದೇ.

ಎರಡನೆಯ ಆಕ್ಷೇಪ: ಕ್ರಮಬದ್ಧ ಪ್ರಬಲ ಕ್ಷೇತ್ರವೇ ಜೆಟ್‌ಗೆ ಕಾರಣವಾದರೆ, ಅಂಥದೇ ಕ್ಷೇತ್ರವಿರುವ ನಮ್ಮ ಕ್ಷೀರಪಥದ ಕುಳಿಯಲ್ಲಿ ಎಂ87ರಂಥ ಜೆಟ್ ಏಕೆ ಕಾಣುತ್ತಿಲ್ಲ? ಅಲ್ಲಿಗೆ ಬೀಳುವ ಅನಿಲ ಬಹಳ ಕಡಿಮೆ, ಜೆಟ್ ಇದ್ದರೂ ಕ್ಷೀಣವಾಗಿರುತ್ತದೆ, ನಮ್ಮ ಕಡೆಗೆ ತಿರುಗಿದ್ದರೆ ಗುರುತಿಸುವುದೂ ಕಷ್ಟ ಎಂಬ ಉತ್ತರಗಳಿವೆ. ಇವು ಸಾಲುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಕ್ಷೇತ್ರ ಅಗತ್ಯ ಎಂಬುದು ಬೇರೆ, ಕ್ಷೇತ್ರವಿದ್ದರೆ ಸಾಕು ಎಂಬುದು ಬೇರೆ. ಎರಡನೆಯದನ್ನು ಹೇಳಲು ಇಂದಿನ ಪುರಾವೆ ಬಿಡುವುದಿಲ್ಲ.

ಮೂರನೆಯದು ಇನ್ನೂ ಹೊಸದು. 2017, 2018 ಮತ್ತು 2021ರ ಎಂ87 ವೀಕ್ಷಣೆಗಳನ್ನು ಪಕ್ಕಪಕ್ಕ ಇಟ್ಟ ಫಲಿತಾಂಶ 2025ರಲ್ಲಿ ಹೊರಬಂತು. ಉಂಗುರದ ಗಾತ್ರ ಬದಲಾಗಿರಲಿಲ್ಲ, ಅದು ಗುರುತ್ವದ ಸಹಿ. ಆದರೆ ಧ್ರುವೀಕರಣದ ಸುರುಳಿ 2017ರಲ್ಲಿ ಒಂದು ದಿಕ್ಕಿಗೆ ಇದ್ದದ್ದು 2021ರಲ್ಲಿ ಎದುರು ದಿಕ್ಕಿಗೆ ತಿರುಗಿತ್ತು. ಒಂದೇ ವರ್ಷದ ಚಿತ್ರವನ್ನು ನಂಬಿ ಕ್ಷೇತ್ರದ ಆಕಾರವನ್ನು ಖಚಿತವಾಗಿ ಹೇಳಿದವರಿಗೆ ಇದು ಎಚ್ಚರಿಕೆ. ಬೆಳಕು ದಾರಿಯಲ್ಲಿ ಹಾದುಬರುವ ಪ್ಲಾಸ್ಮಾ ಕೂಡ ಧ್ರುವೀಕರಣದ ದಿಕ್ಕನ್ನು ತಿರುಗಿಸುತ್ತದೆ, ಅದರ ಪಾಲೆಷ್ಟು ಎಂದು ಬೇರ್ಪಡಿಸಬೇಕು. ಕಂಪ್ಯೂಟರ್ ಮಾದರಿಗಳಲ್ಲಿ ಎಲೆಕ್ಟ್ರಾನುಗಳ ಉಷ್ಣತೆಯನ್ನು ಇಂದಿಗೂ ಊಹಿಸಿಯೇ ತುಂಬಬೇಕಾಗಿದೆ ಎಂಬುದೂ ನಿಜ. ಆದರೂ ಈ ಫಲಿತಾಂಶ ನನ್ನ ಮೂಲ ವಾದವನ್ನು ಬಲಪಡಿಸುತ್ತದೆ ಎಂದೇ ನಾನು ಓದುತ್ತೇನೆ. ಗುರುತ್ವ ನಿರ್ಧರಿಸುವ ಭಾಗ ವರ್ಷಗಳುದ್ದಕ್ಕೂ ಒಂದೇ ತೆರನಾಗಿದೆ. ಬದಲಾಗುವುದೆಲ್ಲ ಕಾಂತಕ್ಷೇತ್ರ ಮತ್ತು ಪ್ಲಾಸ್ಮಾದ ಭಾಗ. ಒಂದು ಕುಳಿಗೂ ಇನ್ನೊಂದಕ್ಕೂ ಇರುವ ಭಿನ್ನತೆಯೂ ಹೀಗೆಯೇ. 3ಸಿ 273ರಂಥ ಕ್ವೇಸಾರ್‌ಗಳಲ್ಲಿ ಸುಮಾರು ಹತ್ತಕ್ಕೆ ಒಂದು ಮಾತ್ರ ರೇಡಿಯೊ ತರಂಗಗಳಲ್ಲಿ ಪ್ರಖರವಾಗಿರುತ್ತದೆ. ದ್ರವ್ಯರಾಶಿ ಒಂದೇ ಇರುವ ಎರಡು ಕುಳಿಗಳು ಭಿನ್ನವಾಗಿ ವರ್ತಿಸುವಾಗ, ಆ ಭಿನ್ನತೆಗೆ ಗುರುತ್ವವನ್ನು ಕಾರಣ ಮಾಡಲಾಗದು. ಕುಳಿಯ ತಿರುಗುವಿಕೆಯಲ್ಲೋ, ಅದು ಹೊರಗಿನಿಂದ ಕೂಡಿಸಿಕೊಂಡ ಕಾಂತರೇಖೆಗಳ ಇತಿಹಾಸದಲ್ಲೋ ಕಾರಣವನ್ನು ಹುಡುಕಬೇಕು.

ಇಷ್ಟೆಲ್ಲ ಚರ್ಚೆ ತಜ್ಞರಿಗೆ ಸೇರಿದ್ದು ಎಂದು ಬಿಡುವಂತಿಲ್ಲ, ಏಕೆಂದರೆ ಇದರ ಪರಿಣಾಮ ಗೆಲಾಕ್ಸಿಗಳ ಬಾಳನ್ನೇ ಮುಟ್ಟುತ್ತದೆ. ಎಂ87ರ ಕುಳಿಯ ದಿಗಂತದ ತ್ರಿಜ್ಯ, ಹೆಚ್ಚೆಂದರೆ, ಸೂರ್ಯನಿಂದ ನೆಪ್ಚೂನ್‌ಗೆ ಇರುವ ದೂರದ ನಾಲ್ಕು ಪಟ್ಟು ಚಿಲ್ಲರೆ. ಅಷ್ಟು ಚಿಕ್ಕ ಜಾಗದಲ್ಲಿ ಹುಟ್ಟುವ ಜೆಟ್‌ಗಳು ಗೆಲಾಕ್ಸಿಯ ಆಚೆಯ ಬಿಸಿ ಅನಿಲವನ್ನು ಕಲಕುತ್ತವೆ. ಪರ್ಸಿಯಸ್ ಗೆಲಾಕ್ಸಿ ಗುಚ್ಛದ ನಡುವಿನ ಕುಳಿ ತನ್ನ ಸುತ್ತಲಿನ ಅನಿಲದಲ್ಲಿ ಊದಿದ ಭಾರೀ ಗುಳ್ಳೆಗಳನ್ನೂ ಅಲ್ಲಿಂದ ಹರಡುವ ಶಬ್ದದ ಅಲೆಗಳನ್ನೂ ಚಂದ್ರ ಎಕ್ಸ್-ರೇ ದೂರದರ್ಶಕ ಕಂಡಿದೆ. ಹೀಗೆ ಶಕ್ತಿ ಸಿಗದಿದ್ದರೆ ಆ ಅನಿಲ ತಣಿದು, ಕುಸಿದು, ನಾವು ಕಾಣುವುದಕ್ಕಿಂತ ಎಷ್ಟೋ ಹೆಚ್ಚು ನಕ್ಷತ್ರಗಳಾಗಬೇಕಿತ್ತು. ದೊಡ್ಡ ಗೆಲಾಕ್ಸಿಗಳು ಇನ್ನೂ ದೊಡ್ಡದಾಗದೆ ನಿಂತಿರುವುದಕ್ಕೆ ಇದು ಮುಖ್ಯ ಕಾರಣ ಎಂದು ಇಂದು ಬಹುತೇಕ ಖಗೋಳಜ್ಞರು ನಂಬುತ್ತಾರೆ. ಹಾಗಾದರೆ ಲಕ್ಷಾಂತರ ಜ್ಯೋತಿರ್ವರ್ಷಗಳ ಹರವಿನಲ್ಲಿ ನಕ್ಷತ್ರಗಳು ಹುಟ್ಟಬೇಕೋ ಬೇಡವೋ ಎಂಬುದರಲ್ಲಿ, ಕುಳಿಯ ಅಂಚಿನ ಕೆಲವೇ ಗಾಸ್‌ಗಳ ಕ್ಷೇತ್ರಕ್ಕೂ ಮಾತು ಇದೆ.

ಮುಂದಿನ ಹೆಜ್ಜೆಗಳಲ್ಲಿ ಭಾರತವೂ ಇದೆ. 2022ರಲ್ಲಿ ನಾಸಾದ ಐಎಕ್ಸ್‌ಪಿಇ ಉಪಗ್ರಹ, ಸಿಗ್ನಸ್ ಎಕ್ಸ್-1 ಎಂಬ ಕಪ್ಪುಕುಳಿಯ ಎಕ್ಸ್-ರೇಗಳು ಶೇಕಡಾ 4ರಷ್ಟು ಧ್ರುವೀಕರಣಗೊಂಡಿವೆ, ಆ ದಿಕ್ಕು ಜೆಟ್‌ನ ದಿಕ್ಕಿಗೆ ಹೊಂದುತ್ತದೆ ಎಂದು ಕಂಡಿತು. ಇದು ಕ್ಷೇತ್ರವನ್ನು ನೇರವಾಗಿ ತೋರಿಸುವುದಿಲ್ಲ. ಕುಳಿಯ ಬಳಿಯ ಬಿಸಿ ಅನಿಲ ತಟ್ಟೆಯ ಸಮತಲದಲ್ಲಿ ಹರಡಿದೆ ಎಂಬುದನ್ನು ಹೇಳುತ್ತದೆ. 2024ರ ಜನವರಿ 1ರಂದು ಇಸ್ರೊ ಹಾರಿಸಿದ ಎಕ್ಸ್‌ಪೋಸ್ಯಾಟ್‌ನಲ್ಲಿರುವ ಪೋಲಿಕ್ಸ್ ಉಪಕರಣ, ಅದಕ್ಕಿಂತ ಹೆಚ್ಚಿನ ಶಕ್ತಿಯ, 8ರಿಂದ 30 ಕಿಲೊ ಎಲೆಕ್ಟ್ರಾನ್‌ವೋಲ್ಟ್ ಎಕ್ಸ್-ರೇಗಳ ಧ್ರುವೀಕರಣವನ್ನು ಅಳೆಯಲು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದದ್ದು. ಬೆಂಗಳೂರಿನಲ್ಲಿ ಕಾಗದದ ಮೇಲೆ ನಡೆದಿದ್ದ ಲೆಕ್ಕ ಈಗ ಬೆಂಗಳೂರಿನಲ್ಲೇ ತಯಾರಾದ ಉಪಕರಣದ ಹಂತಕ್ಕೆ ಬಂದಿದೆ.

ಹೀಗಿರುವಾಗ ನಮ್ಮ ತರಗತಿಗಳಲ್ಲಿ, ತಾರಾಲಯಗಳಲ್ಲಿ, ಪತ್ರಿಕೆಗಳಲ್ಲಿ ಕಪ್ಪುಕುಳಿಯನ್ನು ಇನ್ನೂ ಬರೀ ನುಂಗುವ ಬಾಯಿಯಾಗಿ ಹೇಳುತ್ತಿರುವುದು ಸರಿಯಲ್ಲ. ಆ ಕಥೆ ಮಕ್ಕಳಿಗೆ ಬೆರಗು ಕೊಡುತ್ತದೆ, ಆದರೆ ಪ್ರಶ್ನೆ ಕೊಡುವುದಿಲ್ಲ. ಅನಿಲ ಏಕೆ ಬೀಳುತ್ತದೆ, ಏಕೆ ತಡೆದು ನಿಲ್ಲುತ್ತದೆ, ಶಕ್ತಿ ಹೇಗೆ ಹೊರಬರುತ್ತದೆ ಎಂಬ ಪ್ರಶ್ನೆಗಳು ಹುಟ್ಟುವುದು ಕಾಂತಕ್ಷೇತ್ರವನ್ನು ಕಥೆಯೊಳಗೆ ಕರೆದುಕೊಂಡಾಗ. ಪ್ರೌಢಶಾಲೆಯ ವಿದ್ಯಾರ್ಥಿಗೆ ದಂಡಕಾಂತದ ಸುತ್ತ ಕಬ್ಬಿಣದ ಪುಡಿ ಹರಡಿ ಕಾಂತರೇಖೆ ತೋರಿಸುವ ಶಿಕ್ಷಕರು ನಮ್ಮಲ್ಲಿ ಎಲ್ಲೆಡೆ ಇದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟು: ಆ ಪಾಠ ಮುಗಿದ ದಿನ 2019ರ ಚಿತ್ರದ ಪಕ್ಕದಲ್ಲಿ 2021ರ ಚಿತ್ರವನ್ನೂ ಇಡಿ, ಎರಡರ ನಡುವಿನ ವ್ಯತ್ಯಾಸವನ್ನು ಮಕ್ಕಳೇ ಹೇಳಲಿ.